ರಕ್ತದ ರುಚಿ ನೋಡಿ ಭವಿಷ್ಯ ಹೇಳಿದ ಸೊಳ್ಳೆ

ಹೃದ್ರೋಗಿಗಳ ವಾರ್ಡಿನಲ್ಲಿದ್ದ ಸೊಳ್ಳೆಗೆ ತನ್ನ ಜಾಣತನದ ಮೇಲೆ ಎಲ್ಲಿಲ್ಲದ ಹೆಮ್ಮೆ. ರಕ್ತದ ರುಚಿ ನೋಡಿಯೇ ರೋಗಿಯ ಭವಿಷ್ಯ ಹೇಳಿಬಿಡುತ್ತಿತ್ತು. ಒಂದು ಸಂಜೆ ಅಲ್ಲಿನ ರೋಗಿ ಗುರುಸಿದ್ದಪ್ಪನವರ ತೋಳಿನ ಮೇಲೆ ಕೂತು, ಹೊಟ್ಟೆ ಬಿರಿಯುವಷ್ಟು ಹೀರಿ, ಹಾಸಿಗೆಯಲ್ಲಿದ್ದ ತಿಗಣೆಗೆ ಹೇಳಿತು: "ಸಕ್ಕರೆ ವಿಪರೀತ, ಕೊಬ್ಬು ಅದಕ್ಕಿಂತ ಹೆಚ್ಚು ಕಣೋ ತಮ್ಮಾ. ಇಂಥ ರಕ್ತ ಮೈಯಲ್ಲಿ ಇಟ್ಟುಕೊಂಡವರು ಬಹಳ ದಿನ ಬಾಳುವುದಿಲ್ಲ."

"ಪಥ್ಯ ಮಾಡಿದರೆ?" ಎಂದಿತು ತಿಗಣೆ.

"ಉಳಿದಾರು. ಆದರೆ ಬಾಯಿಚಪಲ ಬಿಡಬೇಕಲ್ಲ!" ಎನ್ನುತ್ತ ಸೊಳ್ಳೆ ಇನ್ನೊಂದು ಗುಟುಕು ಹೀರಿತು.

ಅಷ್ಟರಲ್ಲಿ ಗುರುಸಿದ್ದಪ್ಪನವರ ಇನ್ನೊಂದು ಕೈ ಮೇಲೆದ್ದಿತು.

"ಹಾರಕ್ಕಾ!" ತಿಗಣೆ ಕೂಗಿತು.

ಸೊಳ್ಳೆ ರೆಕ್ಕೆ ಬಡಿಯಿತು. ಹೊಟ್ಟೆಯ ಭಾರಕ್ಕೆ ಮೈ ಮೇಲೇಳಲಿಲ್ಲ.

"ನಾನು ಹೇಳಿದ ಭವಿಷ್ಯ ಸರಿಯಾಗಿಯೇ ಇತ್ತು ಕಣೋ," ಎಂದು ಅದು ನಕ್ಕಿತು, "ಆ ರಕ್ತ ಈಗ ನನ್ನ ಹೊಟ್ಟೆಯಲ್ಲಿದೆ ಅನ್ನುವುದೊಂದು ಮರೆತಿದ್ದೆ."