ಎಮುವಿನ ತಂಡ

ಆಸ್ಟ್ರೇಲಿಯಾದಲ್ಲಿ ಕೋಲಾಗಳ ಫುಟ್‌ಬಾಲ್ ತಂಡವೊಂದಿತ್ತು. ಒಮ್ಮೆ ಫೈನಲ್‌ನಲ್ಲಿ ಒಂದೇ ಅಂಕದಿಂದ ಸೋತ ಮೇಲೆ ಅದು ಹನ್ನೊಂದು ವರ್ಷ ಪಟ್ಟಿಯ ತಳದಲ್ಲೇ ಉಳಿಯಿತು. ಆದರೂ ಮುದಿ ಎಮು ಅದರ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ.

“ಗೆಲ್ಲುವ ಡಿಂಗೊ ನಾಯಿಗಳ ಕಡೆ ಬಾರಯ್ಯ,” ಎಂದಿತು ಕಡಲಹಕ್ಕಿ.

“ಹಿಂದಕ್ಕೆ ಹೆಜ್ಜೆಯಿಡುವುದು ನಮ್ಮ ಎಮು ಕುಲಕ್ಕೇ ಬರುವುದಿಲ್ಲ, ನಮ್ಮ ಕಾಲು ನಡೆಯುವುದು ಮುಂದಕ್ಕೆ ಮಾತ್ರ,” ಎಂದಿತು ಎಮು.

ಹನ್ನೆರಡನೆಯ ವರ್ಷ ಕೋಲಾಗಳು ಮತ್ತೆ ಫೈನಲ್‌ಗೆ ಬಂದವು, ಎದುರಿಗೆ ಡಿಂಗೊಗಳು. ಪಂದ್ಯ ಮುಗಿಸುವ ಸೈರನ್ ಕೂಗುತ್ತಿರುವಾಗ ಅವುಗಳ ನಾಯಕ ಒದ್ದ, ಅಲ್ಲಿನ ಫುಟ್‌ಬಾಲಿನ ಮೊಟ್ಟೆಯಾಕಾರದ ಚೆಂಡು ಕಂಬಗಳ ನಟ್ಟನಡುವೆ ಹಾಯಿತು. ಡಿಂಗೊಗಳು ಸೋತವು.

ಅಲ್ಲಿಯವರೆಗೆ ಡಿಂಗೊಗಳ ಕಡೆಗಿದ್ದ ಕಡಲಹಕ್ಕಿ ಹಾರಿಬಂದು, “ನಾವು ಗೆದ್ದೆವು! ನೀನೇಕೆ ಅಳುತ್ತೀಯೆ?” ಎಂದು ಕೇಳಿತು.

“ನೀನು ಗೆದ್ದದ್ದು ಒಂದು ಪಂದ್ಯ. ಹನ್ನೊಂದು ವರ್ಷ ಸೋತದ್ದನ್ನೆಲ್ಲ ನಾನು ಇವತ್ತೇ ಗೆದ್ದೆ,” ಎಂದ ಎಮು ಕತ್ತು ಚಾಚಿ ಕೂಗುತ್ತ ಮೈದಾನಕ್ಕೆ ಓಡಿತು.