ಕುಂಬಾರನ ಮನೆಯ ಮಣ್ಣುಮುಕ್ಕ

"ಗುರುಗಳೇ, ನಿನ್ನೆ ಒಂದು ಹಗಲು ಪೂರ್ತಿ ನನಗೆ ನನ್ನ ತಂಗಿ ನೆನಪಾಗಲಿಲ್ಲ. ಅವಳ ಮೇಲಿನ ನನ್ನ ಪ್ರೀತಿ ಬತ್ತಿಹೋಯಿತೇ?"

ಕೇಳಿದವನು ಮುರುಗೆಯ್ಯ. ತಂಗಿ ತೀರಿಕೊಂಡ ಮೇಲೆ ಮಠಕ್ಕೆ ಬಂದು ಸೇರಿದವನು. ಅವಳನ್ನು ನೆನೆಯದೆ ತುತ್ತು ಎತ್ತುವುದಿಲ್ಲವೆಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ. ನಿನ್ನೆ ಮಠದ ಬಾವಿಯ ಹೂಳೆತ್ತುವ ಗಡಿಬಿಡಿಯಲ್ಲಿ ಆ ಮಾತು ತಪ್ಪಿತ್ತು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಕುಂಬಾರನ ಹೆಂಡತಿ ಹಾವು ಸಾಕಿದ್ದಳು. ವಿಷದ ಹಾವಲ್ಲ. ಜನ ಎರಡು ತಲೆಯ ಹಾವು ಎನ್ನುತ್ತಾರಲ್ಲ, ಆ ಮಣ್ಣುಮುಕ್ಕ. ಇನ್ನೂ ಮರಿ, ಒಂದು ಮೊಳವೂ ಇರಲಿಲ್ಲ. ಅಗಲ ಬಾಯಿಯ ಮಡಕೆಯೊಂದರಲ್ಲಿ ಅರ್ಧದವರೆಗೆ ಮರಳು ತುಂಬಿ ಅದನ್ನು ಇಟ್ಟಿದ್ದಳು. ಗಾಳಿಯಾಡಲೆಂದು ಕುಂಬಾರ ಮುಚ್ಚಳದಲ್ಲಿ ತೂತುಗಳನ್ನು ಬಿಟ್ಟು ಸುಟ್ಟುಕೊಟ್ಟಿದ್ದ. ನೀರಿಗೆಂದು ಹೆಬ್ಬೆರಳಿನಲ್ಲೇ ಒತ್ತಿ ಒಂದು ಪುಟ್ಟ ಕುಡಿಕೆ ಮಾಡಿಕೊಟ್ಟಿದ್ದ.

ಹಾವಿಗೆ ಉಣಿಸುವ ಸಂಜೆ ಎಂದರೆ ಆ ಮನೆಯಲ್ಲಿ ಒಂದು ಸಂಭ್ರಮ. ಹಾವಿನ ಮೈಗಿಂತ ದಪ್ಪವಿಲ್ಲದ ಇಲಿಮರಿಯನ್ನು ಆರಿಸಿ, ಇಕ್ಕಳದಲ್ಲಿ ಹಿಡಿದು ಒಳಗೆ ಬಿಡುವಳು. ಮರಳು ಅಲುಗುವುದು. ಹಾವು ಎದ್ದು ಬಂದು ಸುತ್ತಿ, ಹಿಸುಕಿ, ನಿಧಾನವಾಗಿ ನುಂಗುವುದು. ಅವಳು ಉಸಿರು ಬಿಗಿಹಿಡಿದು ಹಾವನ್ನು ನೋಡುವಳು. ಕುಂಬಾರ ತಿಗರಿಯ ಚಕ್ರ ನಿಲ್ಲಿಸಿ ಅವಳನ್ನು ನೋಡುವನು. ನುಂಗಿ ಮುಗಿದೊಡನೆ ಅವಳು ಮುಚ್ಚಳ ಮುಚ್ಚಿ ಎದ್ದುಬಿಡುವಳು. ಆಮೇಲೆ ಎಷ್ಟೋ ದಿನ, ನೀರು ಬದಲಿಸುವಾಗ ಬಿಟ್ಟರೆ, ಆ ಮಡಕೆಯ ಕಡೆ ಸುಳಿಯುತ್ತಿರಲಿಲ್ಲ.

ಒಂದು ಚಳಿಗಾಲ ಜ್ವರ ಬಂದು ಅವಳು ಸತ್ತಳು.

ಕುಂಬಾರನಿಗೆ ಉಳಿದದ್ದು ಹಾವು. ಹೆಂಡತಿ ನೆನಪಾದಾಗ ಅವನು ಮಡಕೆಯ ಮುಂದೆ ಹೋಗಿ ಕೂರುತ್ತಿದ್ದ. ಮುಚ್ಚಳ ತೆಗೆದು ಹಾವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದ. ಅದಕ್ಕೊಂದು ಇಲಿಮರಿ ಕೊಡುತ್ತಿದ್ದ. ಹೆಂಡತಿ ದಿನವೂ ನೆನಪಾಗುತ್ತಿದ್ದಳು. ಹಾಗಾಗಿ ದಿನವೂ ಕೊಡುತ್ತಿದ್ದ.

ಹಾವು ತಿಂದದ್ದನ್ನು ಕಕ್ಕತೊಡಗಿತು. ಅವನು ಮತ್ತೆ ಉಣಿಸಿದ. ಅದು ಮತ್ತೆ ಕಕ್ಕಿತು. ಮೈ ಬಡಕಲಾಯಿತು, ಬೆನ್ನೆಲುಬು ಕಾಣಿಸಿತು. ಕೊನೆಗೆ ಬಾಯಿ ತೆರೆಯುವುದನ್ನೇ ಬಿಟ್ಟಿತು. ಕಣ್ಣಿಗೆ ಹಾಲಿನಂಥ ಪೊರೆ ಕವಿಯಿತು. ಹೆಂಡತಿ ಎರಡನೆಯ ಸಲ ಸಾಯುತ್ತಿದ್ದಾಳೆ ಎನ್ನಿಸಿ ಕುಂಬಾರ ಕೆಲಸ ಬಿಟ್ಟು ಮಡಕೆಯ ಪಕ್ಕದಲ್ಲೇ ಕುಳಿತ.

ಆಗ ಅವನ ಅತ್ತೆ, ಸತ್ತವಳ ತಾಯಿ, ಅಳಿಯನನ್ನು ನೋಡಿಹೋಗಲು ಬಂದಳು. ಹಾವಿನ ಸ್ಥಿತಿ ಕಂಡು ಕೇಳಿದಳು:

"ಅಳಿಯಂದಿರೇ, ಇದಕ್ಕೆ ಯಾವಾಗ ಉಣಿಸುತ್ತೀರಿ?"

"ಅವಳು ನೆನಪಾದಾಗಲೆಲ್ಲ ಅತ್ತೆ."

"ಹಸಿವು ಇದಕ್ಕಲ್ಲ. ನಿಮಗೆ."

ಅತ್ತೆ ಹಾವನ್ನು ಅವನ ಮಡಿಲಿನಿಂದ ಎತ್ತಿ ಮಡಕೆಯ ಮರಳಿನ ಮೇಲೆ ಮೆಲ್ಲಗೆ ಬಿಟ್ಟಳು. ಮಡಕೆಯನ್ನು ಎತ್ತಿ, ಮಡಕೆ ಸುಡುವ ಆವಿಗೆಯ ಬೆಚ್ಚನೆಯ ಗೋಡೆಯ ಬದಿಗೆ ಇಟ್ಟಳು.

"ಪೊರೆ ಬಿಡುವ ಕಾಲ ಇದಕ್ಕೆ. ಈಗ ಏನೂ ತಿನ್ನುವುದಿಲ್ಲ. ನೀರು ಇಡಿ, ಅಷ್ಟು ಸಾಕು. ಮುಟ್ಟಬೇಡಿ."

"ಹಾಗೆ ಬಿಟ್ಟರೆ ಅದು ನನ್ನನ್ನು ಮರೆತುಬಿಟ್ಟರೆ?"

ಅತ್ತೆ ಕುಡಿಕೆಗೆ ನೀರು ತುಂಬಿ ಒಳಗಿಟ್ಟಳು. ಆಮೇಲೆ ಹೇಳಿದಳು: "ಅದು ನನ್ನ ಮಗಳನ್ನೂ ನೆನಪಿಟ್ಟುಕೊಂಡಿರಲಿಲ್ಲ. ಆದರೂ ಅವಳು ಸಾಕಿದಳು."

ಅತ್ತೆ ಊರಿಗೆ ಹಿಂತಿರುಗಿದಳು. ಕುಂಬಾರ ತಿಗರಿಯ ಮುಂದೆ ಕುಳಿತ. ಮೊದಮೊದಲು ಕೈ ತಾನಾಗಿಯೇ ಮಡಕೆಯ ಕಡೆ ಹೋಗುತ್ತಿತ್ತು. ಅದನ್ನು ಹಿಂದಕ್ಕೆಳೆದು ಮಣ್ಣಿಗೆ ಹಾಕುತ್ತಿದ್ದ. ಬರಬರುತ್ತ ಕೆಲಸ ಕೈ ಹಿಡಿಯಿತು. ಒಂದು ದಿನ ಮದುವೆಯ ಮನೆಯೊಂದಕ್ಕೆ ಮಡಕೆಗಳನ್ನು ಮಾಡಬೇಕಿತ್ತು. ಬೆಳಗಿನಿಂದ ತಲೆ ಎತ್ತದೆ ತಿಗರಿ ತಿರುಗಿಸಿದ. ಸಂಜೆ ಕೈ ತೊಳೆಯುವಾಗ ಅವನಿಗೆ ಹೊಳೆಯಿತು. ಇಡೀ ದಿನ ಅವನಿಗೆ ಹಾವೂ ನೆನಪಾಗಿರಲಿಲ್ಲ, ಹೆಂಡತಿಯೂ ನೆನಪಾಗಿರಲಿಲ್ಲ.

ಒದ್ದೆ ಕೈಯಲ್ಲೇ ಓಡಿ ಮುಚ್ಚಳ ತೆಗೆದ. ಮರಳಿನ ಮೇಲೆ ಪೊರೆ ಬಿದ್ದಿತ್ತು, ಎಲ್ಲೂ ಹರಿಯದೆ ಇಡಿಯಾಗಿ. ಪಕ್ಕದಲ್ಲಿ ಹಾವು ಹೊಸದಾಗಿ ಸುಟ್ಟ ಮಡಕೆಯಂತೆ ಕೆಂಪಗೆ ಹೊಳೆಯುತ್ತಿತ್ತು. ಕಣ್ಣು ತಿಳಿಯಾಗಿತ್ತು. ಅವನು ಸಣ್ಣದೊಂದು ಇಲಿಮರಿಯನ್ನು ಇಕ್ಕಳದಲ್ಲಿ ಹಿಡಿದು ಬಿಟ್ಟ. ಹಾವು ಸುತ್ತಿ ಹಿಡಿದು ನುಂಗಿತು. ಅವನು ಮುಚ್ಚಳ ಮುಚ್ಚಿ ಎದ್ದ. ಹಾವು ಕಕ್ಕಲಿಲ್ಲ. ಅಲ್ಲಿಂದ ಮುಂದೆ ಅದು ತಿಂದದ್ದೆಲ್ಲ ಮೈಗೆ ಹತ್ತಿತು.

ಮುಚ್ಚಳ ಮುಚ್ಚಿ ಎದ್ದ ಆ ಗಳಿಗೆಯಲ್ಲಿ ಕುಂಬಾರನಿಗೆ ಹೆಂಡತಿ ಕಂಡಳು. ಅಲ್ಲಿಯವರೆಗೆ ದಿನವೂ ಅವನ ಕಣ್ಣ ಮುಂದೆ ಬರುತ್ತಿದ್ದವಳು ಜ್ವರದಲ್ಲಿ ಮಲಗಿದವಳು, ಗುರುತೇ ಸಿಗದಷ್ಟು ಸೊರಗಿದವಳು. ಈಗ ಬಂದವಳು ಬೇರೆ. ಮಣ್ಣು ತರಲು ಇಬ್ಬರೂ ಕೆರೆಗೆ ಹೋಗಿದ್ದ ದಿನ. ಸೀರೆ ಎತ್ತಿ ಕಟ್ಟಿದ್ದಳು, ಮೊಣಕಾಲಿನವರೆಗೆ ಕೆಸರು. ಎರಡು ಕೈಯಲ್ಲೂ ಆಗತಾನೇ ಸಿಕ್ಕ ಹಾವಿನ ಮರಿಯನ್ನು ಹಿಡಿದು ನಗುತ್ತ ಕೂಗುತ್ತಿದ್ದಳು: "ಏನ್ರೀ, ಬನ್ನಿ ಇಲ್ಲಿ, ಇದರ ತಲೆ ಯಾವ ಕಡೆ ಹೇಳಿ ನೋಡೋಣ!"

ಅವಳು ಸತ್ತಮೇಲೆ ಆ ನಗು ಅವನಿಗೆ ಕೇಳಿಸಿದ್ದು ಅದೇ ಮೊದಲು.

ಗುರುಗಳು ಕತೆ ನಿಲ್ಲಿಸಿದರು. ಮುರುಗೆಯ್ಯನ ಕಣ್ಣು ತುಂಬಿತ್ತು. ಆದರೂ ಅವನ ಸಂಶಯ ಹೋಗಿರಲಿಲ್ಲ.

"ಆದರೆ ಗುರುಗಳೇ, ಆ ದಿನ ಪೂರ್ತಿ ಅವನು ಅವಳನ್ನು ಮರೆತದ್ದು ನಿಜವಲ್ಲವೇ?"

ಗುರುಗಳು ಹೇಳಿದರು: "ಹಾವಿಗೆ ಹೊಸ ಮೈ ಬಂದದ್ದೂ ಆ ದಿನವೇ. ಅವನಿಗೆ ಅವಳ ನಗು ಕೇಳಿಸಿದ್ದೂ ಆ ದಿನವೇ."

ಮುರುಗೆಯ್ಯ ಕಣ್ಣೊರೆಸಿಕೊಂಡು ಎದ್ದು ಬಾವಿಯ ಕಡೆ ನಡೆದ.