ಕತ್ತರಿಯ ಕಣ್ಣಳತೆ

ದರ್ಜಿ ನೇಮಣ್ಣನ ಅಂಗಡಿಯ ಕತ್ತರಿಗೆ ತನ್ನ ಕಣ್ಣಳತೆಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಒಂದು ಮಧ್ಯಾಹ್ನ ನೇಮಣ್ಣ ಮದುಮಗನ ಕೋಟಿನ ಎರಡು ತೋಳುಗಳ ಉದ್ದಕ್ಕೆ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆದು ಊಟಕ್ಕೆ ಹೋದ. ಎಡಗೆರೆಯ ತುದಿಗಳಲ್ಲಿ ಹೊಲಿಗೆಯ ಗುರುತುಗಳು ರೆಕ್ಕೆಯಂತೆ ಹೊರಕ್ಕೆ ಚಾಚಿದ್ದವು. ಬಲಗೆರೆಯಲ್ಲಿ ಒಳಕ್ಕೆ ಬಾಗಿದ್ದವು. ಆ ಬಟ್ಟೆ ಅಂಗಡಿಯಲ್ಲಿ ಇನ್ನೊಂದು ಗೇಣೂ ಉಳಿದಿರಲಿಲ್ಲ.

"ಪಾಪ, ಯಜಮಾನರಿಗೆ ವಯಸ್ಸಾಯಿತು. ಎಡಗೆರೆ ಎರಡು ಬೆರಳು ಉದ್ದವಾಗಿದೆ. ಅವರು ಬರುವಷ್ಟರಲ್ಲಿ ಸರಿಮಾಡಿಬಿಡುತ್ತೇನೆ" ಎಂದು ಕತ್ತರಿ ಬಾಯಿ ತೆರೆದು ಬಟ್ಟೆಯ ಅಂಚಿಗೆ ಬಂತು.

"ತಾಳು ತಮ್ಮಾ" ಎನ್ನುತ್ತ ಹಳೆಯ ಅಳತೆಯ ಟೇಪು ಸುರುಳಿ ಬಿಚ್ಚಿ, ಎರಡೂ ಗೆರೆಗಳ ಮೇಲೆ ಮಲಗಿ ಎದ್ದಿತು. "ಎರಡೂ ಇಪ್ಪತ್ನಾಲ್ಕು ಇಂಚು."

"ಮೂವತ್ತು ವರ್ಷ ಬಟ್ಟೆ ಕಂಡ ಕಣ್ಣು ಇದು, ಅಣ್ಣಾ! ಸುಳ್ಳು ಹೇಳೀತೇ?"

"ಮೂವತ್ತು ವರ್ಷ ಕಂಡದ್ದರಿಂದಲೇ ಹೇಳುತ್ತದೆ. ತುದಿ ಹೊರಕ್ಕೆ ಚಾಚಿದ್ದರೆ ಮುಂದೆ ಇನ್ನೂ ಬಟ್ಟೆಯಿದೆ ಎಂದು ಬುದ್ಧಿ ಅಂದಾಜು ಮಾಡುತ್ತದೆ. ಕಣ್ಣು ಆ ಅಂದಾಜನ್ನೇ ಗೆರೆಯೆಂದು ನೋಡುತ್ತದೆ."

ಕತ್ತರಿ ಮತ್ತೆ ನೋಡಿತು. ಎಡಗೆರೆ ಈಗಲೂ ಉದ್ದವಾಗಿಯೇ ಕಂಡಿತು. ಅದಕ್ಕೆ ರೇಗಿಹೋಯಿತು.

"ನೀನು ಅಳೆದ ಮೇಲೂ ನನಗೆ ಹಾಗೇ ಕಾಣುತ್ತಿದೆಯಲ್ಲ! ನಿನ್ನೊಬ್ಬನಿಗೆ ಮಾತ್ರ ಸರಿಯಾಗಿ ಕಾಣುತ್ತದೋ?"

"ಎಲ್ಲಿ ಬಂತು ತಮ್ಮಾ! ನನಗೂ ಎಡಗೆರೆಯೇ ಉದ್ದ ಕಾಣುತ್ತದೆ" ಎಂದಿತು ಟೇಪು. "ಅದಕ್ಕೇ ಅಳೆದೆ."

ಬಟ್ಟೆಗೆ ಹಾಕಿದ್ದ ಬಾಯನ್ನು ಕತ್ತರಿ ಮೆಲ್ಲನೆ ಹಿಂದಕ್ಕೆ ತೆಗೆದು ಮುಚ್ಚಿಕೊಂಡಿತು.